ಭತ್ತದ ಕೋಣೆಯ ಹೆಡ್‌ಫೋನ್

ಹೆಡ್‌ಫೋನ್ ಕೊಳ್ಳುವ ಮಾತು ಬಂದರೆ ಸಾಕು, ನನಗೆ ಮೈಯೆಲ್ಲ ಸೋತಂತಾಗುತ್ತದೆ. ಮೊನ್ನೆ ಮಂಡ್ಯದ ಗುತ್ತಲಿನ ನಮ್ಮ ಮನೆಯಲ್ಲಿ ಮಗಳು ಸೋಫಾದ ಮೇಲೆ ಕಾಲು ಚಾಚಿ ಕೂತು ಮೊಬೈಲಿನಲ್ಲಿ ಒಂದಾದ ಮೇಲೊಂದು ತೋರಿಸುತ್ತಲೇ ಹೋದಳು. ಇದು ಕಿವಿಯೊಳಗೆ ಸಿಕ್ಕಿಸುವುದು, ಇದು ಕಿವಿಯ ಮೇಲೆ ಕೂರುವುದು, ಇದು ಇಡೀ ಕಿವಿಯನ್ನೇ ಮುಚ್ಚುವುದು. ಇದಕ್ಕೆ ಬಾಸ್ ಜಾಸ್ತಿ, ಇದಕ್ಕೆ ಚಾರ್ಜು ಬೇಗ ಇಳಿಯುವುದಿಲ್ಲ, ಇದನ್ನು ಹಾಕಿಕೊಂಡರೆ ಮನೆ ಮುಂದೆ ಕಬ್ಬಿನ ಲಾರಿ ಹೋದರೂ ಗೊತ್ತಾಗುವುದಿಲ್ಲ. ಕೊನೆಯದು ಆಫರ್‌ನಲ್ಲಿದೆ ಎಂದು ಮತ್ತೆ ಮತ್ತೆ ಹೇಳಿದಳು. ನನಗೆ ಹಾಡು ಕೇಳುವ ಆಸೆ ಇದೆ, ಆರಿಸುವ ತಾಳ್ಮೆ ಇಲ್ಲ. ತೆಳು ಪಟ್ಟಿಯ, ಸ್ಪಂಜಿನ, ಎಲ್ಲಕ್ಕಿಂತ ಅಗ್ಗದ್ದೊಂದನ್ನು ತೋರಿಸಿ ಇದೇ ಸಾಕು ಅಂದೆ.

"ಅಯ್ಯೋ, ಓಲ್ಡ್ ಪೀಸು ಕಣಮ್ಮ ಅದು. ಹೊರಗಿನ ಸದ್ದೆಲ್ಲ ಒಳಗೆ ಬರತ್ತೆ."

"ಬರಲಿ ಬಿಡು. ನನ್ನ ಸದ್ದು ನನಗೆ ಕೇಳಿಸ್ತಾ ಇರಬೇಕು."

ಅವಳು ನನ್ನ ಮುಖ ನೋಡಿ ನಕ್ಕಳು. ಅವಳಿಗೆ ಅರ್ಥವಾಗಲಿಲ್ಲ, ಅರ್ಥ ಮಾಡಿಸುವ ತ್ರಾಣ ನನಗೂ ಇರಲಿಲ್ಲ. ಹೇಳಬೇಕೆಂದರೆ ಮದ್ದೂರು ಕಡೆಯ ಕೊಪ್ಪದಲ್ಲಿ ನಾನು ಬೆಳೆದ ಮನೆಯಿಂದಲೇ ಶುರು ಮಾಡಬೇಕು.

ಕೊಪ್ಪದ ಆ ಹೆಂಚಿನ ಮನೆಯಲ್ಲಿ ಮೊದಲು ಸದ್ದಿಗೆ ಕೊರತೆ ಇರಲಿಲ್ಲ. ಮುಂದೆ ಪಡಸಾಲೆ, ಅದರ ಹಿಂದೆ ನಡುಮನೆ, ನಡುಮನೆಯ ಎಡಕ್ಕೆ ಹೊಗೆ ಹಿಡಿದು ಕಪ್ಪಾದ ಅಡುಗೆಮನೆ, ಬಲಕ್ಕೆ ಕಿಟಕಿಯೇ ಇಲ್ಲದ ಭತ್ತದ ಕೋಣೆ, ಹಿತ್ತಿಲಲ್ಲಿ ಕೊಟ್ಟಿಗೆ. ಅಪ್ಪ ಊರಿನ ಹಾಲಿನ ಡೈರಿಯಲ್ಲಿ ಹಾಲು ಅಳೆಯುತ್ತಿದ್ದ. ಎಲ್ಲಿಂದಲೋ ಒಂದು ಟೇಪ್‌ರೆಕಾರ್ಡರ್ ತಂದು, ಹಾಲು ಕರೆಯುವ ಹೊತ್ತಿಗೆ ಅದನ್ನು ಕೊಟ್ಟಿಗೆಯ ಗೋಡೆಗೆ ತೂಗುಹಾಕಿ ಹಳೇ ಸಿನಿಮಾ ಹಾಡುಗಳನ್ನು ಹಾಕುತ್ತಿದ್ದ. ಹಾಡು ಕೇಳಿದರೆ ಹಸು ಸೊರ ಬಿಟ್ಟು ಹಾಲು ಇಳಿಸುತ್ತದೆ ಎಂದು ಅವನ ವಾದ. ಅಪ್ಪನ ತಾಯಿ, ನನ್ನ ಅಜ್ಜಿ, ಇದನ್ನು ಒಂದು ದಿನವೂ ಒಪ್ಪಲಿಲ್ಲ.

"ಅಸ ಆಲು ಕೊಡಾದು ಬೂಸಕ್ಕೆ ಕಣ್ಲಾ, ನಿನ್ನ ಟೇಪಿಗಲ್ಲ!"

ಅಪ್ಪ ಕೇಳಿಸದವನಂತೆ ವಾಲ್ಯೂಮು ಇನ್ನಷ್ಟು ತಿರುವುತ್ತಿದ್ದ. ಆ ಹಾಡಿಗೆ ಅಡುಗೆಮನೆಯಿಂದ ಅವ್ವ ದನಿ ಕೂಡಿಸುತ್ತಿದ್ದಳು. ಹಿಟ್ಟಿನ ಕೋಲನ್ನು ಎರಡೂ ಕೈಯಲ್ಲಿ ಹಿಡಿದು, ಮಡಕೆಗೆ ಕಾಲು ಕೊಟ್ಟು ಕೂತು, ರಾಗಿಹಿಟ್ಟು ತಿರುವುತ್ತಾ ಅವಳು ಹಾಡಿದರೆ ಟೇಪಿನ ಹಾಡು ಹಿಂದೆ ಬೀಳುತ್ತಿತ್ತು. ದೊಡ್ಡ ಗಂಟಲು ನನ್ನವ್ವನದು. ಅಳುಕಿಲ್ಲದ ಗಂಟಲು. ಊರಲ್ಲಿ ಯಾರ ಮನೆಯ ಮದುವೆಯಾಗಲಿ, ಹುಡುಗಿ ಮೈನೆರೆದ ಒಸಗೆಯಾಗಲಿ, ಹೆಂಗಸರು ಸೋಬಾನೆ ಪದ ಹೇಳುವಾಗ ಮೊದಲ ಸೊಲ್ಲನ್ನು ಅವ್ವನೇ ಎತ್ತಿಕೊಡಬೇಕಿತ್ತು. "ಜಯಾ ಬಂದ್ಲಾ?" ಎಂದು ಕೇಳಿಯೇ ಅವರು ಚಾಪೆ ಹಾಸುತ್ತಿದ್ದರು. ಅವ್ವ ಬರುವ ತನಕ ಎಲೆಅಡಿಕೆ ಹಾಕಿಕೊಂಡು ಕಾಯುತ್ತಿದ್ದರು. ನನಗೆ ಆಗ ಅವ್ವನ ಬಗ್ಗೆ ಎಷ್ಟು ಜಂಬ ಇತ್ತೆಂದರೆ, ಅವಳ ಪಕ್ಕ ಕೂರುವ ಜಾಗವನ್ನು ಬೇರೆ ಹುಡುಗಿಯರಿಗೆ ಬಿಟ್ಟುಕೊಟ್ಟಿದ್ದೇ ಇಲ್ಲ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಪ್ಪ ಒಂದು ಬೆಳಗ್ಗೆ ಡೈರಿಯಿಂದ ಬಂದು, ಎದೆ ಹಿಡಿದುಕೊಂಡು ಪಡಸಾಲೆಯ ಕಂಬಕ್ಕೆ ಒರಗಿ ಕೂತ. ಅವ್ವ ನೀರು ತರುವಷ್ಟರಲ್ಲಿ ಮುಗಿದುಹೋಗಿತ್ತು. ಅದನ್ನು ಬಿಡಿಸಿ ಬರೆಯುವ ಶಕ್ತಿ ನನಗೆ ಈಗಲೂ ಇಲ್ಲ. ತಿಥಿ ಮುಗಿದು ನೆಂಟರೆಲ್ಲ ಹೊರಟ ಮೇಲೆ ಅಜ್ಜಿ ಟೇಪ್‌ರೆಕಾರ್ಡರನ್ನು ಹಳೇ ಸೀರೆಯಲ್ಲಿ ಸುತ್ತಿ ಭತ್ತದ ಕೋಣೆಗೆ ಹಾಕಿದಳು. ನಡುಮನೆಯ ಗೋಡೆಗೆ ಹೂವಿನ ಹಾರ ಹಾಕಿದ ಅಪ್ಪನ ಫೋಟೋ ಬಂದಿತ್ತು. ಅದರ ಕಡೆ ಕೈ ತೋರಿಸಿ ಹೇಳಿದಳು:

"ವರ್ಸ ತುಂಬಾಗಂಟ ಈ ಮನೇಲಿ ಆಡು ಪದ ಅನ್ನಂಗಿಲ್ಲ. ನನ್ ಮಗನ ಪೋಟಕ್ಕೆ ಕೇಳಿಸ್ಬಾರ್ದು."

ಸಾವಾದ ಮನೆಯಲ್ಲಿ ವರ್ಷ ಕಳೆಯುವವರೆಗೂ ಹಬ್ಬವಿಲ್ಲ, ತೋರಣವಿಲ್ಲ, ರೇಡಿಯೋ ಇಲ್ಲ. ನಮ್ಮ ಕಡೆ ಎಲ್ಲರ ಮನೆಯಲ್ಲೂ ಹಾಗೆಯೇ. ಯುಗಾದಿಗೆ ಪಕ್ಕದ ಮನೆಯವರು ಒಬ್ಬಟ್ಟನ್ನು ತಟ್ಟೆ ಮುಚ್ಚಿ ತಂದುಕೊಟ್ಟರು. ನಮ್ಮ ಒಲೆಯ ಮೇಲೆ ಅವತ್ತೂ ದಿನದ ಉಪ್ಸಾರೇ ಇತ್ತು. ಇದೆಲ್ಲ ಒಂದು ವರ್ಷದ ಮಾತು, ತಡೆದುಕೊಳ್ಳಬಹುದಿತ್ತು. ಸೋಬಾನೆಯದು ಮಾತ್ರ ಹಾಗಲ್ಲ. ಗಂಡ ಸತ್ತವಳು ಸೋಬಾನೆ ಎತ್ತುವಂತಿಲ್ಲ, ಯಾವತ್ತಿಗೂ ಇಲ್ಲ. ಆ ಬೇಸಗೆಯಲ್ಲಿ ಎದುರುಮನೆಯ ಹುಡುಗಿಗೆ ಮದುವೆಯಾಯಿತು. ಚಪ್ಪರದ ಕೆಳಗೆ ಹೆಂಗಸರು ಪದ ಹೇಳುತ್ತಿದ್ದರೆ ಅವ್ವ ನಮ್ಮ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು. "ರಾಗದ ಏರು ತಪ್ಪಿಸ್ಬುಟ್ರು," ಎಂದು ತನಗೆ ತಾನೇ ಅಂದಳು. ಅವಳನ್ನು ಕರೆಯಲು ಯಾರೂ ಬಂದಿರಲಿಲ್ಲ. ನನಗೆ ಆ ಹೆಂಗಸರ ಮೇಲೆಲ್ಲ ಕೆಟ್ಟ ಸಿಟ್ಟು ಬಂತು.

ಆಮೇಲೆ ಅವ್ವ ಮಾತನ್ನೂ ಕಡಿಮೆ ಮಾಡಿದಳು. ಹಿಟ್ಟು ತಿರುವುವಾಗ ಬರೀ ಉಸಿರಿನ ಸದ್ದು. ಹಾಲು ಕರೆಯುವಾಗ ಚೊಂಬಿಗೆ ಬೀಳುವ ಹಾಲಿನ ಸದ್ದು. ತಟ್ಟೆಯ ಮುಂದೆ ಕೂತು ಮುದ್ದೆ ಮುರಿದು ಹಾಗೇ ಎದ್ದುಹೋಗುತ್ತಿದ್ದಳು. ಮಳವಳ್ಳಿಯಿಂದ ಅವ್ವನ ತಮ್ಮ, ನನ್ನ ಶಿವಲಿಂಗು ಮಾವ, ಅಕ್ಕನನ್ನು ನೋಡಿಕೊಂಡು ಹೋಗಲು ಬಂದವನು ಅವಳ ಕೆನ್ನೆಮೂಳೆ ನೋಡಿ ದಂಗಾದ. ಮಾವ ಬಾಯಿಬಡುಕ, ಒಳ್ಳೆಯವನು. ಪಡಸಾಲೆಯಲ್ಲಿ ಅಜ್ಜಿಯ ಎದುರಿಗೇ ಕೂತು ಮಾತು ತೆಗೆದ.

"ಅತ್ಯವ್ವ, ಕಿವಿಗೆ ಆಕ್ಕೊಳಾದೊಂದು ಬತ್ತದೆ. ಎಡ್‌ಪೋನು ಅಂತ. ಅದ್ನ ಟೇಪಿಗೆ ಸಿಗಿಸ್ಬುಟ್ರೆ ಅಕ್ಕಂಗೆ ಮಾತ್ರ ಆಡು ಕೇಳಿಸ್ತದೆ. ಮನೇಗೆ ಕೇಳ್ಸದಿಲ್ಲ."

"ಯಾರಿಗ್ಲಾ ಟೋಪಿ ಆಕ್ತೀಯೆ? ಆಡು ಅಂದ್ಮೇಲೆ ಆಡೇ ತಾನೆ?"

"ಪೋಟಕ್ಕೆ ಕೇಳಿಸ್ಬಾರ್ದು ಅಂದ್ರಂತಲ್ಲ. ಕೇಳಿಸ್ದೆ ಇದ್ರೆ?"

ಇಬ್ಬರಿಗೂ ಜಗಳವೇ ಆಯಿತು. ಅಕ್ಕ ಸತ್ತರೆ ನಿಮಗೆ ಸಮಾಧಾನವಾ ಎಂದು ಮಾವ ಕೇಳಿದ. ಸತ್ತಿರೋನು ನನ್ನ ಹೊಟ್ಟೇಲಿ ಹುಟ್ಟಿದೋನು ಕಣ್ಲಾ ಎಂದು ಅಜ್ಜಿ ಎದೆ ಗುದ್ದಿಕೊಂಡಳು. ಅವ್ವ ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ. ಅತ್ತು ಸಾಕಾದ ಮೇಲೆ ಅಜ್ಜಿ ಸೆರಗಿನಲ್ಲಿ ಮೂಗು ಒರೆಸಿಕೊಂಡು ತನ್ನ ತೀರ್ಮಾನ ಹೇಳಿದಳು. ಬಾಗಿಲ ಹತ್ತಿರ ನಿಂತು ತಾನೇ ಕಿವಿಯಿಟ್ಟು ನೋಡುತ್ತಾಳೆ. ಒಂದೀಟು ಸದ್ದು ಈಚೆಗೆ ಬಂದರೂ ಅದನ್ನು ಒಲೆಗೆ ಹಾಕುತ್ತಾಳೆ.

ಹಾಗಾಗಿ ಮಾರನೇ ದಿನ ಮಾವನ ಮೊಪೆಡ್ಡಿನ ಹಿಂದೆ ಕೂತು ನಾನು ಮದ್ದೂರಿಗೆ ಹೋದೆ. ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ರೇಡಿಯೋ ಅಂಗಡಿ. ಅಗ್ಗದ್ದು ತೋರಿಸಿ ಎಂದು ಮಾವ ಮೊದಲೇ ಹೇಳಿದ್ದರಿಂದ ಅಂಗಡಿಯವನು ಎರಡನ್ನು ಮಾತ್ರ ಎತ್ತಿಟ್ಟ. ಒಂದು ತೆಳು ತಗಡಿನ ಪಟ್ಟಿಗೆ ಕಪ್ಪು ಸ್ಪಂಜು ಕೂರಿಸಿದ್ದು. ಇನ್ನೊಂದು ಎರಡು ಬಟ್ಟಲಿನ ಹಾಗೆ ಇಡೀ ಕಿವಿ ಮುಚ್ಚುವ ದಪ್ಪ ಪ್ಲಾಸ್ಟಿಕ್ಕಿನದು, ಒಳಗೆ ರೆಕ್ಸಿನ್ ಮೆತ್ತೆ. ಎರಡಕ್ಕೂ ಹೆಸರಿಲ್ಲ, ಊರಿಲ್ಲ. ಬೆಲೆ ಹೆಚ್ಚುಕಡಿಮೆ ಒಂದೇ. ಪಿನ್ನು ನಮ್ಮ ಟೇಪಿಗೆ ಹಿಡಿಯುತ್ತದೆಯೇ, ವೈರು ಎಷ್ಟುದ್ದ ಬರುತ್ತದೆ ಎಂದು ಮಾವ ವಿಚಾರಿಸಿಕೊಂಡ. ನನಗೆ ಅದ್ಯಾವುದೂ ಮುಖ್ಯವಾಗಿರಲಿಲ್ಲ. ಮಾವನ ಕಿವಿಗೆ ಸ್ಪಂಜಿನದನ್ನು ಹಾಕಿಸಿ, ಅಂಗಡಿಯವನ ಕೈಲಿ ಹಾಡು ಹಾಕಿಸಿ, ಮಾವನ ಕೆನ್ನೆಯ ಹತ್ತಿರ ನನ್ನ ಕಿವಿ ತಂದೆ. ಸೊಳ್ಳೆ ಗುಂಯ್ ಅಂದಷ್ಟು ಸದ್ದು ಕೇಳಿಸಿತು. ನನ್ನ ಕಣ್ಣ ಮುಂದೆ ಅಜ್ಜಿಯ ಒಲೆ ಬಂತು.

"ಇದು ಬ್ಯಾಡ. ಸೋರ್ತದೆ," ಅಂದೆ.

"ಸ್ವಲ್ಪ ಸೋರ್ತದಮ್ಮ, ಆದ್ರೆ ಹಾಡು ಚೆನ್ನಾಗಿ ಬರ್ತದೆ. ಆ ದೊಡ್ಡದ್ರಲ್ಲಿ ಡಬ್ಬದೊಳಗೆ ಕೂತು ಹಾಡ್ದಂಗಿರ್ತದೆ. ಕೇಳೋರಿಗೆ ಒಂಥರಾ ಉಬ್ಬಸ," ಅಂದ ಅಂಗಡಿಯವನು.

ದೊಡ್ಡದನ್ನು ಮಾವನಿಗೆ ಹಾಕಿಸಿದೆ. ಎಷ್ಟು ಹತ್ತಿರ ಹೋದರೂ ಏನೂ ಕೇಳಿಸಲಿಲ್ಲ. ಅಷ್ಟರಲ್ಲಿ ಮಾವ ಅಂಗಡಿ ಹಾರಿಹೋಗುವಂತೆ ಕಿರುಚಿದ, "ಚೆಂದಾಗದೆ ಕಣಮ್ಮಿ! ಇದೇ ಇರ್ಲಿ!" ರಸ್ತೆಯಲ್ಲಿ ಹೋಗುತ್ತಿದ್ದವರೂ ತಿರುಗಿ ನೋಡಿದರು. ಅಂಗಡಿಯವನು ಹೊಟ್ಟೆ ಹಿಡಿದುಕೊಂಡು ನಕ್ಕ, ನಾನೂ ನಕ್ಕೆ, ಮಾವನಿಗೆ ಮಾತ್ರ ನಾವು ಯಾಕೆ ನಗುತ್ತಿದ್ದೇವೆ ಎಂದು ತಿಳಿಯಲಿಲ್ಲ. ಅಪ್ಪ ಹೋದ ಮೇಲೆ ನಾನು ಅಷ್ಟು ನಕ್ಕಿದ್ದು ಅದೇ ಮೊದಲು. ಆ ಕಿರುಚಾಟದಲ್ಲಿ ಒಂದು ಎಚ್ಚರಿಕೆ ಇತ್ತು ಎಂಬುದು ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ದೊಡ್ಡದನ್ನೇ ಕಟ್ಟಿಸಿಕೊಂಡು ಬಂದೆವು.

ಅಜ್ಜಿಯ ಪರೀಕ್ಷೆ ಅವತ್ತೇ ಸಂಜೆ ನಡೆಯಿತು. ಭತ್ತದ ಕೋಣೆಯಲ್ಲಿ ಅವ್ವನನ್ನು ಕೂರಿಸಿ, ಟೇಪಿಗೆ ಪಿನ್ನು ಸಿಕ್ಕಿಸಿ, ಮಾವ ಹಾಡು ಹಾಕಿದ. ಅವ್ವ ಎರಡೂ ಕೈಯಿಂದ ಬಟ್ಟಲುಗಳನ್ನು ಒತ್ತಿ ಹಿಡಿದು ಕಣ್ಣು ಮುಚ್ಚಿದಳು. ಅಜ್ಜಿ ಬಾಗಿಲಲ್ಲಿ ನಿಂತು ಆಲಿಸಿದಳು, ನಡುಮನೆಗೆ ಹೋಗಿ ಫೋಟೋದ ಕೆಳಗೆ ನಿಂತು ಆಲಿಸಿದಳು, ಮತ್ತೆ ಒಳಗೆ ಬಂದು ಅವ್ವನ ತಲೆಯ ಹತ್ತಿರ ಬಗ್ಗಿದಳು. ಅವ್ವನ ಮುಚ್ಚಿದ ಕಣ್ಣಿಂದ ನೀರು ಇಳಿಯುತ್ತಿತ್ತು. ಅಜ್ಜಿ ಅದನ್ನು ನೋಡಿದಳು.

"ಬಾಗ್ಲಾಕ್ಕಂಡು ಕೇಳ್ಕೋ," ಎಂದಷ್ಟೇ ಹೇಳಿ ಹೊರಟುಹೋದಳು.

ವೈರು ಎಲ್ಲಿಯವರೆಗೆ ಬರುತ್ತಿತ್ತೋ ಅಲ್ಲಿಯವರೆಗೆ ಅವ್ವನ ಜಗತ್ತು. ಅಕ್ಕಿ ಆರಿಸುವುದು, ಅವರೆಕಾಳು ಹಿಸುಕುವುದು, ಹರಿದ ಬಟ್ಟೆ ಹೊಲಿಯುವುದು, ಕೂತು ಮಾಡುವ ಕೆಲಸವೆಲ್ಲ ಭತ್ತದ ಕೋಣೆಗೆ ಹೋಯಿತು. ಮೂಟೆಗಳ ನಡುವೆ, ಮಂಕು ಬಲ್ಬಿನ ಕೆಳಗೆ, ತಲೆಯ ಮೇಲೆ ಆ ದಪ್ಪ ಪಟ್ಟಿ ಇಟ್ಟುಕೊಂಡು ಕೂತ ಅವ್ವನನ್ನು ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ತಟ್ಟೆಯ ಮುದ್ದೆ ಪೂರಾ ಖಾಲಿಯಾಗತೊಡಗಿತು. ಒಂದು ದಿನ ನನ್ನ ಜಡೆ ಹೆಣೆಯುತ್ತಾ ಉಪ್ಸಾರಿನ ಖಾರ ಜಾಸ್ತಿಯಾಯಿತಾ ಎಂದು ಕೇಳಿದಳು. ಇಷ್ಟು ಸಣ್ಣ ಮಾತಿಗೆ ನಾನು ಜಡೆ ಬಿಡಿಸಿಕೊಂಡು ತಿರುಗಿ ಅವಳ ಮುಖ ನೋಡಿದೆ. ನಾನು ಆರಿಸಿ ತಂದ ವಸ್ತು ಅವ್ವನನ್ನು ಉಳಿಸಿತು ಎಂದು ಊರಿಗೆಲ್ಲ ಹೇಳಬೇಕು ಅನಿಸುತ್ತಿತ್ತು, ಹೇಳುವಂತಿರಲಿಲ್ಲ.

ಆಮೇಲೆ ಬಸರಾಳಿನ ಅತ್ತೆ ಬಂದಳು. ಅಪ್ಪನ ಅಕ್ಕ, ಅಜ್ಜಿಯ ಹಿರೀಮಗಳು. ಜೊತೆಯಲ್ಲಿ ಅವಳ ಗಂಡನ ಕಡೆಯ ಇಬ್ಬರು ಹೆಂಗಸರು, ಸಾವಿಗೆ ಬರಲಾಗದೆ ಇದ್ದವರು, ಮಾತಾಡಿಸಲು ಬಂದಿದ್ದರು. ಹೇಳಿಕಳಿಸದೆ ಮಟಮಟ ಮಧ್ಯಾಹ್ನ ಬಸ್ಸಿಳಿದು ಬಂದರು. ಅಜ್ಜಿ ಪಡಸಾಲೆಯಲ್ಲಿ ಚಾಪೆ ಹಾಸಿ, ಅಪ್ಪನ ಮಾತು ತೆಗೆದು ಅಳುತ್ತಿದ್ದಳು, ಅವರೂ ಅಳುತ್ತಿದ್ದರು. ನಾನು ನೀರಿನ ಚೊಂಬು ಹಿಡಿದು ನಿಂತಿದ್ದೆ. ಅವ್ವ ಭತ್ತದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಅಕ್ಕಿ ಆರಿಸುತ್ತಿದ್ದಳು, ಯಾರು ಬಂದದ್ದೂ ಅವಳಿಗೆ ಗೊತ್ತಿರಲಿಲ್ಲ. ಕರೆಯೋಣ ಎಂದು ನಾನು ತಿರುಗಿದೆ. ಅಷ್ಟರಲ್ಲೇ ಒಳಗಿನಿಂದ ಹಾಡು ಎದ್ದಿತು.

ಟೇಪಿನದಲ್ಲ, ಅವ್ವನದು. ತುಂಬಿದ ಗಂಟಲಿನ ಹಾಡು, ಒಂದು ಸೊಲ್ಲು ಮುಗಿದು ಇನ್ನೊಂದು ಸೊಲ್ಲು, ಮಧ್ಯೆ ಟೇಪಿನಲ್ಲಿ ವಾದ್ಯ ಬರುವಷ್ಟು ಹೊತ್ತು ಸುಮ್ಮನಿದ್ದು ಮತ್ತೆ ಜೋರಾಗಿ. ಹಾಡುತ್ತಿದ್ದೇನೆ ಎಂಬುದೇ ಅವಳಿಗೆ ತಿಳಿದಿರಲಿಲ್ಲ. ಹಾಡು ಹೊರಗೆ ಸೋರದ ಹಾಗೆ ನಾನು ಆರಿಸಿ ತಂದಿದ್ದ ಆ ಬಟ್ಟಲುಗಳು ಅವಳ ದನಿಯನ್ನು ಅವಳಿಂದಲೇ ಮುಚ್ಚಿಟ್ಟಿದ್ದವು. ಎಷ್ಟೋ ತಿಂಗಳ ಮೇಲೆ ಕೇಳಿದ ಆ ದನಿಗೆ ನನಗೆ ಮೊದಲು ಬಂದದ್ದು ಸಂತೋಷ, ಅದು ನಿಜ. ಆಮೇಲೆ ಚಾಪೆಯ ಕಡೆ ತಿರುಗಿ ನೋಡಿದೆ. ಹೆಂಗಸರ ಅಳು ನಿಂತಿತ್ತು.

"ಅಯ್ಯೋ ಸಿವನೇ," ಅಂದಳು ಬಸರಾಳಿನ ಅತ್ತೆ. "ನನ್ ತಮ್ಮ ಮಣ್ಣಿಗೋಗಿ ಇನ್ನೂ ವರ್ಸ ತುಂಬಿಲ್ಲ, ಇವ್ಳು ಗಂಟ್ಲು ಅರ್ಕಂಡು ಆಡ್ತಾವ್ಳಲ್ಲಾ! ಅವ್ವಾ, ನೀನು ಕೇಳ್ಕಂಡು ಕೂತಿದ್ದೀಯಾ?"

ಅಜ್ಜಿ ಮೊಣಕಾಲಿಗೆ ಕೈಯೂರಿ ಎದ್ದಳು. ನಾನು ಅವಳ ಹಿಂದೆಯೇ ಓಡಿದೆ. ಜುಟ್ಟು ಹಿಡಿದು ಎಳೆಯುತ್ತಾಳೆ, ಹೆಡ್‌ಫೋನನ್ನು ಒಲೆಗೆ ಹಾಕುತ್ತಾಳೆ ಎಂದೇ ನನ್ನ ಎಣಿಕೆ. ಅಜ್ಜಿ ಬಾಗಿಲು ತಳ್ಳಿ ಒಳಗೆ ಹೋಗಿ, ಮೂಟೆಗೆ ಒರಗಿ ಕಣ್ಣುಮುಚ್ಚಿ ಹಾಡುತ್ತಿದ್ದ ಅವ್ವನ ಬಾಯಿಯ ಮೇಲೆ ತನ್ನ ಅಂಗೈ ಇಟ್ಟಳು. ಅವ್ವ ಬೆಚ್ಚಿ ಕಣ್ಣು ಬಿಟ್ಟಳು. ಮಡಿಲಿನ ಮೊರ ಜಾರಿ ಅಕ್ಕಿಯೆಲ್ಲ ಚೆಲ್ಲಿತು. ಅಜ್ಜಿ ಒಂದು ಕಿವಿಯ ಬಟ್ಟಲನ್ನು ಮಾತ್ರ ಎತ್ತಿ ಹಿಡಿದು, ಮೆಲ್ಲಗೆ, ಆ ಕಡೆಯವರಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದಳು.

"ನಿನ್ ದನಿ ಈಚೆಗೆ ಕೇಳಿಸ್ತಾ ಅದೆ ಕಣವ್ವ. ಕೇಳು, ನಾನ್ ಬ್ಯಾಡ ಅನ್ನಾಕಿಲ್ಲ. ಬಾಯ್ ಮುಚ್ಕಂಡು ಕೇಳು."

ಹಾಗೆಂದು ಬಟ್ಟಲನ್ನು ಮತ್ತೆ ಅವ್ವನ ಕಿವಿಯ ಮೇಲೆ ತಾನೇ ಕೂರಿಸಿದಳು. ಹೊರಗೆ ಬಂದು ಮಗಳಿಗೆ, "ಯಾವ್ ಆಡು? ಸಂಕಟಕ್ಕೆ ಏನೋ ನರಳ್ತಾಳೆ ಬುಡು. ಏಳ್ರವ್ವ, ಕೈ ತೊಳ್ಕಳಿ, ಒಂದ್ ತುತ್ತು ಉಣ್ಣೀರಂತೆ," ಅಂದಳು. ಬಸರಾಳಿನ ಅತ್ತೆ ಊಟ ಮಾಡದೆ ಬಸ್ಸು ಹತ್ತಿದಳು. ಅಜ್ಜಿ ಅದಕ್ಕಾಗಿ ಅವ್ವನನ್ನು ಬೈಯಲಿಲ್ಲ. ಅಜ್ಜಿಯನ್ನು ಕೆಟ್ಟವಳು ಅನ್ನಲು ನನಗೆ ಯಾವತ್ತೂ ಬಾಯಿ ಬಂದಿಲ್ಲ. ಅಂದುಬಿಟ್ಟಿದ್ದರೆ ಈ ಸಂಗತಿಯ ಭಾರ ಎಷ್ಟೋ ಇಳಿಯುತ್ತಿತ್ತು.

ಅವತ್ತಿನಿಂದ ಅವ್ವ ಹೆಡ್‌ಫೋನ್ ಹಾಕಿಕೊಳ್ಳುವಾಗ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳತೊಡಗಿದಳು. ಮೊದಲು ಸೆರಗು, ಆಮೇಲೆ ಹಾಡು. ಹಾಡು ಏರಿದ ಕಡೆ ಅವಳ ಗಂಟಲ ನರ ಉಬ್ಬುತ್ತಿತ್ತು, ದನಿ ಬರುತ್ತಿರಲಿಲ್ಲ. ನೋಡಲಾಗದೆ ನಾನು ಬಾಗಿಲ ಸಂದಿ ಬಿಟ್ಟೆ. ವರ್ಷ ತುಂಬಿತು. ಅಪ್ಪನಿಗೆ ಎಡೆ ಇಟ್ಟರು, ಬಾಗಿಲಿಗೆ ಮಾವಿನೆಲೆ ಬಂತು, ಅಜ್ಜಿಯೇ ಕೈಯಾರೆ ರೇಡಿಯೋ ಹಾಕಿ ಬೆಳಗಿನ ಪದಗಳನ್ನು ಕೇಳತೊಡಗಿದಳು. ಟೇಪು ಭತ್ತದ ಕೋಣೆಯಿಂದ ನಡುಮನೆಗೆ ಬಂತು. ಅವ್ವ ಹಿಟ್ಟು ತಿರುವಿದಳು, ಹಾಲು ಕರೆದಳು, ನನ್ನ ಫೀಸು ಕಟ್ಟಿದಳು, ಕೆಲಸ ಮುಗಿದ ಮೇಲೆ ಸೆರಗು ಕಚ್ಚಿಕೊಂಡು ಹಾಡು ಕೇಳಿದಳು. ನಾವೆಲ್ಲ ಅದಕ್ಕೆ ಒಗ್ಗಿಹೋದೆವು. ಒಗ್ಗಿಹೋಗುವುದು ಎಷ್ಟು ಸುಲಭ ಎಂದು ನೆನೆದರೆ ಈಗ ಬೇಜಾರಾಗುತ್ತದೆ. ನಾನೂ ಹಾಗೇ ಬೆಳೆದೆ. ಸ್ಕೂಲಿನ ಪ್ರಾರ್ಥನೆಯಲ್ಲಿ ತುಟಿ ಅಲ್ಲಾಡಿಸುತ್ತಿದ್ದೆ, ಅಷ್ಟೇ. ಜೋರಾಗಿ ನಕ್ಕರೆ ತಕ್ಷಣ ಕೈ ಬಾಯಿಗೆ ಹೋಗುತ್ತಿತ್ತು. ಎದೆಯಲ್ಲಿರುವುದನ್ನು ಹೇಳಬೇಕಾದ ಕಡೆ, ಗಂಡನ ಮುಂದೆ, ಆಫೀಸಿನಲ್ಲಿ, ನಾನು ಕೇಳಿಸಿಕೊಂಡು ಬಂದಿದ್ದೇ ಹೆಚ್ಚು. ಸುಮ್ಮನಿರುವ ಹೆಂಗಸು ಎಂದು ಎಲ್ಲರೂ ಹೊಗಳುತ್ತಾರೆ. ಆ ಹೊಗಳಿಕೆ ಕೇಳಿದಾಗಲೆಲ್ಲ ನನಗೆ ಸುಸ್ತು.

ನಾನು ಪಿಯುಸಿ ಓದಲು ಮಂಡ್ಯಕ್ಕೆ ಬಸ್ಸಿನಲ್ಲಿ ಹೋಗಿಬರುತ್ತಿದ್ದ ಕಾಲಕ್ಕೆ ಅಜ್ಜಿ ಹಾಸಿಗೆ ಹಿಡಿದಳು. ಪಡಸಾಲೆಯಲ್ಲೇ ಅವಳ ಮಂಚ. ಮೈ ಒರೆಸುವುದು, ಸೀರೆ ಬದಲಿಸುವುದು, ಬಾಯಿಗೆ ಅಂಬಲಿ ಹಾಕುವುದು, ಎಲ್ಲ ಅವ್ವನೇ. ಮಗಳು ಬಸರಾಳಿನಿಂದ ಬಂದು ನೋಡಿಕೊಂಡು ಹೋಗುತ್ತಿದ್ದಳು. ಒಂದು ಭಾನುವಾರ ಮಧ್ಯಾಹ್ನ ನಾನು ಹೊಸ್ತಿಲ ಮೇಲೆ ಪುಸ್ತಕ ಹಿಡಿದು ಕೂತಿದ್ದೆ. ಅವ್ವ ಅಂಬಲಿ ಕುಡಿಸುತ್ತಿದ್ದಳು. ಅಜ್ಜಿ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು.

"ಜಯಾ, ಒಂದ್ ಪದ ಯೋಳವ್ವ."

ಅವ್ವ ಎದ್ದುಹೋಗಿ ಟೇಪು ತಂದಳು. ಮಂಚದ ಪಕ್ಕ ಇಟ್ಟು, ಆ ಹಳೇ ಹೆಡ್‌ಫೋನನ್ನು ಅಜ್ಜಿಯ ತಲೆಗೆ ಹುಷಾರಾಗಿ ಕೂರಿಸಲು ಹೋದಳು. ಅಜ್ಜಿ ತಲೆ ಆಚೆ ತಿರುಗಿಸಿದಳು.

"ಇದ್ಯಾಕವ್ವ ನಂಗೆ? ನೀನ್ ಯೋಳು. ಸೋಬಾನೆ ಯೋಳು."

"ಸೋಬಾನೆ ನಾನು ಯೋಳ್ಬಾರ್ದಲ್ವಾ ಅತ್ತೆ."

"ಸಾಯೋಳು ಕೇಳ್ತಾ ಇವ್ನಿ. ಯಾವನು ಬಾರ್ದು ಅನ್ನೋನು? ಯೋಳು."

ಅವ್ವ ಮಂಚದ ಅಂಚಿನಲ್ಲಿ ಕೂತಳು. ನಾನು ಪುಸ್ತಕ ಮುಚ್ಚಿದೆ. ಅವಳು ಬೀದಿ ಕಡೆ ನೋಡಿಕೊಂಡು ಬಾಯಿ ತೆರೆದಳು. ಪದ ಮರೆತಿರಲಿಲ್ಲ, ತುಟಿ ಸರಿಯಾಗಿಯೇ ಆಡುತ್ತಿತ್ತು. ದನಿ ಬರಲಿಲ್ಲ. ಕೆಮ್ಮಿ ಮತ್ತೆ ತೆರೆದಳು. ಒಣ ಉಸಿರು ಬಂತು, ಅದರ ಜೊತೆ ಕೀರಲು ಎನ್ನುವಂಥದ್ದೇನೋ ಬಂದು ಅಲ್ಲೇ ಮುರಿಯಿತು. ಊರಿನ ಚಾಪೆಗಳೆಲ್ಲ ಕಾಯುತ್ತಿದ್ದ ಗಂಟಲು ಅದು. ಹಾಡವ್ವಾ ಎಂದು ಕೂಗಿಕೊಳ್ಳಬೇಕು ಅನಿಸಿತು ನನಗೆ, ಕೂಗಲಿಲ್ಲ. ಅವ್ವ ಸೋತು ತಲೆ ತಗ್ಗಿಸಿದಳು.

ಅಜ್ಜಿ ಅವಳನ್ನೇ ನೋಡುತ್ತಾ ಮಲಗಿದ್ದಳು.

"ನಾನಂದಿದ್ದು ಒಂದ್ ವರ್ಸ ಕಣವ್ವ. ಒಂದೇ ವರ್ಸ. ನೀನು ಪೂರಾ ಬುಟ್‌ಬುಡಾದಾ?"

ಅವ್ವ ಅಜ್ಜಿಯ ಕಟವಾಯಿಯಲ್ಲಿ ಇಳಿದಿದ್ದ ಅಂಬಲಿಯನ್ನು ಸೆರಗಿನಿಂದ ಒರೆಸಿದಳು.

"ನೀವು ಯೋಳ್ತೀರಿ ಅಂತ ಕಾಯ್ತಾ ಇದ್ದೆ ಕಣತ್ತೆ," ಅಂದಳು.